ಏಳು ಏರುಗಳ ದಿನ: ದೊಲೊಮಿಟೆಸ್ ಮರತೋನಾಗೆ ಸಿದ್ಧತೆ

ಇಟಲಿಯ ಈಶಾನ್ಯದ ದೊಲೊಮಿಟೆಸ್ ಬೆಟ್ಟಗಳಲ್ಲಿ ಜುಲೈ ಆರಂಭದ ಒಂದು ಭಾನುವಾರ ಮೋಟಾರು ವಾಹನಗಳಿಗೆ ರಸ್ತೆ ಮುಚ್ಚುತ್ತಾರೆ. ಬೆಳಿಗ್ಗೆ ಆರೂವರೆಗೆ ಲಾ ವಿಲ್ಲಾ ಎಂಬ ಊರಿನಿಂದ ಸಾವಿರಾರು ಹವ್ಯಾಸಿ ಸೈಕಲ್ ಸವಾರರು ಹೊರಡುತ್ತಾರೆ. ಇದೇ ಮರತೋನಾ ದ್ಲೆಸ್ ದೊಲೊಮಿಟೆಸ್, 1987ರಿಂದ ನಡೆಯುತ್ತಿದೆ. ಅತಿ ಉದ್ದದ ಹಾದಿ 138 ಕಿ.ಮೀ., ಒಟ್ಟು ಏರು 4,230 ಮೀಟರ್. ನಡುವಿನ ಹಾದಿ 106 ಕಿ.ಮೀ., 3,130 ಮೀಟರ್. ಚಿಕ್ಕದು 55 ಕಿ.ಮೀ., 1,780 ಮೀಟರ್. ಎಲ್ಲವೂ ಮುಗಿಯುವುದು ಕೊರ್ವಾರಾದಲ್ಲಿ.

ಬೆಂಗಳೂರಿನಿಂದ ಹೋಗುವವರೂ ಯೂರೋಪಿನಲ್ಲೇ ಇರುವ ಕನ್ನಡಿಗರೂ ಕೇಳುವ ಮೊದಲ ಪ್ರಶ್ನೆ, "ನನ್ನ ಕೈಲಾಗುತ್ತಾ?" ವಾರಕ್ಕೆ ಏಳೆಂಟು ಗಂಟೆ ಸೈಕಲ್ ಹೊಡೆಯುವ ಆರೋಗ್ಯವಂತರಿಗೆ ಖಂಡಿತ ಆಗುತ್ತದೆ. ಆಗದೆ ಹೋದರೆ ಸಾಮಾನ್ಯವಾಗಿ ಅದಕ್ಕೆ ಎರಡೇ ಕಾರಣ: ಹಿಂದಿನ ಚಕ್ರದಲ್ಲಿ ತಪ್ಪು ಗೇರ್, ಮೊದಲ ಎರಡು ಗಂಟೆಯಲ್ಲಿ ತಪ್ಪು ಉತ್ಸಾಹ. ಈ ಲೇಖನದ ಹೆಚ್ಚಿನ ಜಾಗ ಅವೆರಡಕ್ಕೇ ಮೀಸಲು.

ಮೊದಲು ಏರುಗಳ ಪರಿಚಯ

ಉದ್ದದ ಹಾದಿಯ ಏರುಗಳು ಬರುವ ಕ್ರಮದಲ್ಲೇ ಇಲ್ಲಿವೆ:

- ಕಂಪೊಲಾಂಗೊ: 5.8 ಕಿ.ಮೀ., ಸರಾಸರಿ ಶೇ 6.1 (ನೂರು ಮೀಟರ್ ಸಾಗಿದರೆ 6.1 ಮೀಟರ್ ಏರು)
- ಪೊರ್ದೊಯ್: 9.2 ಕಿ.ಮೀ., ಶೇ 6.9. ತುದಿ 2,239 ಮೀಟರ್, 33 ಹೇರ್‌ಪಿನ್ ತಿರುವು
- ಸೆಲ್ಲಾ: 5.5 ಕಿ.ಮೀ., ಶೇ 7.9
- ಗಾರ್ದೆನಾ: 5.8 ಕಿ.ಮೀ., ಶೇ 4.3
- ಕಂಪೊಲಾಂಗೊ ಮತ್ತೊಮ್ಮೆ
- ಜಾವ್: 9.9 ಕಿ.ಮೀ., ಶೇ 9.3. ತುದಿ 2,236 ಮೀಟರ್, 29 ಹೇರ್‌ಪಿನ್
- ಫಲ್ಸಾರೆಗೊ ಮತ್ತು ಅದಕ್ಕೆ ಅಂಟಿಕೊಂಡ ವಲ್ಪರೋಲಾ: 11.5 ಕಿ.ಮೀ., ಶೇ 5.8

ಮೊದಲ ಐದು ಏರುಗಳನ್ನು ಕೂಡಿದರೆ ಎರಡು ಸಾವಿರ ಮೀಟರ್ ದಾಟುತ್ತದೆ. ಜಾವ್ ಬುಡಕ್ಕೆ ಬರುವಾಗ ಸುಮಾರು 90 ಕಿ.ಮೀ. ಆಗಿರುತ್ತದೆ, ಬಿಸಿಲು ನೆತ್ತಿಗೇರುತ್ತಿರುತ್ತದೆ. ಇಡೀ ದಿನದ ಅತಿ ಕಡಿದಾದ ಉದ್ದ ಏರು ಆಗ ಶುರುವಾಗುತ್ತದೆ. ಹಾಗಾಗಿ ಜಾವ್ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾಗಿ, ಉಳಿದ ಏರುಗಳು ಅದರೊಳಗೇ ಬಂದುಬಿಡುತ್ತವೆ.

ಗೇರ್: ಲೆಕ್ಕ ಹಾಕಿ, ಆಮೇಲೆ ಸ್ವಾಭಿಮಾನ

ಸವಾರರ ತೂಕ 75 ಕೆ.ಜಿ. ಇರಲಿ. ಸೈಕಲ್, ನೀರು, ಬಟ್ಟೆ ಎಲ್ಲ ಸೇರಿ ಇನ್ನೊಂದು 10. ಒಟ್ಟು 85 ಕೆ.ಜಿ.ಯನ್ನು ಶೇ 9.3ರ ಏರಿನಲ್ಲಿ ಗಂಟೆಗೆ ಏಳೂವರೆ ಕಿ.ಮೀ. ವೇಗದಲ್ಲಿ ಒಯ್ಯಲು ಸುಮಾರು 175 ವ್ಯಾಟ್ ಬೇಕು. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಹಾಕಿ ನಿಮಿಷಕ್ಕೆ 60 ಸುತ್ತು ಪೆಡಲ್ ತಿರುಗಿಸಿದರೆ ಬರುವುದು ಅದೇ ವೇಗ. ಹಿಂದಿನ ದೊಡ್ಡ ಹಲ್ಲುಚಕ್ರ 28 ಆದರೆ ಅದೇ 60 ಸುತ್ತಿಗೆ ಗಂಟೆಗೆ ಒಂಬತ್ತು ಕಿ.ಮೀ. ಮೀರುತ್ತದೆ, ಬೇಡಿಕೆ 215 ವ್ಯಾಟ್ ದಾಟುತ್ತದೆ.

ಒಂದು ಗಂಟೆ ತಡೆದುಕೊಳ್ಳಬಲ್ಲ ಗರಿಷ್ಠ ಶಕ್ತಿಗೆ ಸವಾರರು ಎಫ್‌ಟಿಪಿ ಅನ್ನುತ್ತಾರೆ. ಅದು 220 ವ್ಯಾಟ್ ಇರುವವರು ಐದು ಏರು ಮುಗಿಸಿ ಬಂದಾಗ ಜಾವ್‌ನಲ್ಲಿ ಕೊಡಬಲ್ಲದ್ದು 165ರಿಂದ 175. 28 ಹಲ್ಲಿದ್ದರೆ ಅವರ ಪೆಡಲ್ 45ಕ್ಕೋ 48ಕ್ಕೋ ಇಳಿಯುತ್ತದೆ. ಒಂದೊಂದು ತುಳಿತವೂ ಮೆಟ್ಟಿಲು ಹತ್ತಿದಂತಾಗುತ್ತದೆ. ಮೊದಲು ಸೊಂಟ ಹಿಡಿಯುತ್ತದೆ, ಆಮೇಲೆ ಮೊಣಕಾಲಿನ ಮುಂಭಾಗ ನೋಯುತ್ತದೆ, ಕೊನೆಗೆ ತೊಡೆ ಸೆಳೆಯುತ್ತದೆ. ಇದನ್ನು ತಾಕತ್ತಿನ ಕೊರತೆ ಎಂದು ಜನ ತಿಳಿಯುತ್ತಾರೆ. ಬಹಳ ಸಲ ಕೊರತೆ ಇರುವುದು ಆರು ಹಲ್ಲಿನದು ಮಾತ್ರ.

ಆದ್ದರಿಂದ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರಗಳಿರುವ (ಚೈನ್‌ರಿಂಗ್) ಕ್ರ್ಯಾಂಕ್ ಜೊತೆ ಹಿಂದೆ 11-34 ಕ್ಯಾಸೆಟ್, ಅಂದರೆ 11ರಿಂದ 34 ಹಲ್ಲಿನವರೆಗಿನ ಚಕ್ರಗಳ ಗೊಂಚಲನ್ನು ಕನಿಷ್ಠ ಎಂದಿಟ್ಟುಕೊಳ್ಳಿ. ಕೆ.ಜಿ.ಗೆ ಮೂರು ವ್ಯಾಟ್‌ಗಿಂತ ಕಡಿಮೆ ಇರುವವರು 36 ಹಲ್ಲಿಗೆ ಹೋಗಬಹುದು ಅಥವಾ ಮುಂದಿನ ಸಣ್ಣ ಚೈನ್‌ರಿಂಗ್ 30-31 ಇರುವ ಕ್ರ್ಯಾಂಕ್ ಹಾಕಿಸಬಹುದು. ಬದಲಿಸುವ ಮುನ್ನ ಮೂರು ವಿಷಯ ನೋಡಿ. ಗೇರ್ ಬದಲಿಸಲು ಚೈನನ್ನು ಸರಿಸುವ ಹಿಂದಿನ ಡಿರೇಲರ್‌ನ ತೋಳು ಗಿಡ್ಡದಿದ್ದರೆ 34 ಹಲ್ಲು ಹಿಡಿಯುವುದಿಲ್ಲ, ಉದ್ದ ತೋಳಿನದು ಬೇಕು. ಎರಡನೆಯದು ಚೈನ್: 28ಕ್ಕೆ ಕತ್ತರಿಸಿದ ಚೈನ್ 34ಕ್ಕೆ ಸಾಲದು. ಮುಂದೆ ದೊಡ್ಡದು ಹಿಂದೆ ದೊಡ್ಡದು ಹಾಕಿದಾಗ ಅದು ಎಳೆದು ಬಿಗಿದು ಡಿರೇಲರನ್ನೇ ಮುರಿಯಬಹುದು, ಹಾಗಾಗಿ ಹೊಸ ಚೈನ್ ಹಾಕಿಸಿ. ಕೊನೆಯದು ಬಿ-ಸ್ಕ್ರೂ, ಡಿರೇಲರ್ ಮತ್ತು ಕ್ಯಾಸೆಟ್ ನಡುವಿನ ಅಂತರ ಹೊಂದಿಸುವ ತಿರುಪು. ಅದನ್ನು ಹೊಂದಿಸದಿದ್ದರೆ ಡಿರೇಲರ್‌ನ ಮೇಲಿನ ಪುಟ್ಟ ಚಕ್ರ ಕ್ಯಾಸೆಟ್‌ಗೆ ಉಜ್ಜಿ ಗರಗರ ಎನ್ನುತ್ತದೆ. ಈ ಕೆಲಸ ಪ್ರಯಾಣದ ಹಿಂದಿನ ವಾರಕ್ಕೆ ಇಟ್ಟುಕೊಳ್ಳಬೇಡಿ. ಎರಡು ತಿಂಗಳು ಮೊದಲೇ ಮಾಡಿಸಿ, ಅದೇ ಗೇರ್‌ನಲ್ಲಿ ಅಭ್ಯಾಸ ಮಾಡಿ.

ನಮ್ಮ ಘಟ್ಟಗಳಲ್ಲಿ ಅಭ್ಯಾಸ

ನಂದಿ ಬೆಟ್ಟದ ಬುಡದಿಂದ ತುದಿಗೆ ಏರು 400 ಮೀಟರ್‌ಗೂ ಮಿಕ್ಕಿ. ಲೆಕ್ಕಕ್ಕೆ ಎರಡು ನಂದಿ ಸೇರಿದರೆ ಹತ್ತಿರಹತ್ತಿರ ಒಂದು ಜಾವ್. ಆದರೆ ನಂದಿಯಲ್ಲಿ ಎರಡು ಏರುಗಳ ನಡುವೆ ಇಳಿಯುವಾಗ ಕಾಲು ಸುಧಾರಿಸಿಕೊಳ್ಳುತ್ತದೆ, ಜಾವ್‌ನಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಆ ಬಿಡುವು ಸಿಗುವುದಿಲ್ಲ. ಈ ವ್ಯತ್ಯಾಸವನ್ನು ಬೇರೆ ದಾರಿಯಲ್ಲಿ ತುಂಬಬೇಕು.

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ರಸ್ತೆ ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಪಾಠಶಾಲೆ, ಮೇಲ್ಭಾಗ ಕಿರಿದು, ಕಡಿದು. ಕರಾವಳಿ, ಶಿವಮೊಗ್ಗ ಕಡೆಯವರಿಗೆ ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವುಗಳಿವೆ. ಕಡಿದಾದ ಏರಿನ ರುಚಿ ನೋಡಬೇಕೆಂದರೆ ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿ. 36 ಹೇರ್‌ಪಿನ್‌ಗಳ ಆ ರಸ್ತೆ ಜಾವ್‌ನ ಸ್ವಭಾವಕ್ಕೆ ಎಲ್ಲಕ್ಕಿಂತ ಹತ್ತಿರ. ಅದು ಕಾಡಿನ ಅಂಚು, ಆನೆ ಓಡಾಡುವ ಜಾಗ. ಬೆಳಕು ಹರಿದ ಮೇಲೆ ಗುಂಪಿನಲ್ಲೇ ಹೋಗಿ, ಅಂದಿನ ಸಂಚಾರ ನಿಯಮ ಕೇಳಿಕೊಂಡೇ ಹೊರಡಿ.

ಮಲೆನಾಡಿನವರಿಗೆ ಒಂದು ತೊಡಕಿದೆ. ಸವಾರಿ ಜುಲೈನಲ್ಲಿ, ಅದಕ್ಕೆ ಮುಂಚಿನ ಜೂನ್ ಮಳೆಗಾಲ. ಪಾಚಿ ಕಟ್ಟಿದ ಘಾಟಿಯಲ್ಲಿ ಇಳಿಯುವುದು ಅಪಾಯ. ಉದ್ದದ ಘಟ್ಟಗಳನ್ನೆಲ್ಲ ಫೆಬ್ರುವರಿಯಿಂದ ಮೇ ನಡುವೆ ಮುಗಿಸಿ, ಜೂನ್ ತಿಂಗಳನ್ನು ಮನೆಯೊಳಗೆ ಸೈಕಲ್ ನಿಲ್ಲಿಸಿ ತುಳಿಯುವ ಟ್ರೇನರ್‌ಗೂ ಮಳೆ ಬಿಟ್ಟ ದಿನಗಳಿಗೂ ಇಟ್ಟುಕೊಳ್ಳಿ.

ಹದಿನಾರು ವಾರ ಸಿಕ್ಕರೆ ಹೀಗೆ ಹಂಚಬಹುದು:

1. ಮೊದಲ ಆರು ವಾರ: ವಾರದಲ್ಲಿ ಮೂರು ದಿನ ಹಗುರ ಸವಾರಿ, ಭಾನುವಾರ ನಾಲ್ಕು ಗಂಟೆ. ವೇಗದ ಚಿಂತೆ ಬೇಡ.
2. ಮುಂದಿನ ಆರು ವಾರ: ವಾರಕ್ಕೆ ಎರಡು ಸಲ 20 ನಿಮಿಷಗಳ ಎರಡು ಅಥವಾ ಮೂರು ಸುತ್ತು, ಎಫ್‌ಟಿಪಿಯ ಶೇ 85-90ರಲ್ಲಿ. ಅದರಲ್ಲಿ ಒಂದು ದಿನ ಬೇಕೆಂದೇ ಭಾರದ ಗೇರ್ ಹಾಕಿ 55-60 ಸುತ್ತಿನಲ್ಲಿ, ಕುಳಿತೇ. ಜಾವ್ ಕೇಳುವುದು ಇದನ್ನೇ. ಮೊಣಕಾಲು ನೋವು ಕಂಡರೆ ಈ ಭಾರದ ಗೇರ್ ಅಭ್ಯಾಸ ಅಲ್ಲಿಗೇ ನಿಲ್ಲಿಸಿ.
3. ಅದರ ಮೇಲೆ ಎರಡು ವಾರ: ವಾರಾಂತ್ಯದಲ್ಲಿ ಒಂದೇ ದಿನ 2,500 ಮೀಟರ್ ಏರು, ಅಂದರೆ ನಂದಿ ಆರು ಸಲ. ಬೇಸರ ಬರುತ್ತದೆ, ಬರಲಿ. ಐದನೆಯ ಮತ್ತು ಆರನೆಯ ಏರನ್ನು ಮೊದಲನೆಯದರ ಸಮಯದಲ್ಲೇ ಹತ್ತುವುದು ಗುರಿ. ಮೊದಲನೆಯದು ಎಷ್ಟು ನಿಧಾನವಾಗಿರಬೇಕು ಎಂದು ಇದು ಕಲಿಸುತ್ತದೆ.
4. ಕೊನೆಯ ಎರಡು ವಾರ: ಸಮಯ ಅರ್ಧಕ್ಕಿಳಿಸಿ. ತೀವ್ರತೆ ಸ್ವಲ್ಪ ಉಳಿಸಿಕೊಳ್ಳಿ.

ಕಾಗದ, ಪೆಟ್ಟಿಗೆ, ಪ್ರಯಾಣ

ಬೇಡಿಕೆ ಹೆಚ್ಚಿರುವುದರಿಂದ ಪ್ರವೇಶವನ್ನು ಚೀಟಿ ಎತ್ತಿ ಕೊಡುತ್ತಾರೆ, ಹೆಸರನ್ನು ಹಿಂದಿನ ವರ್ಷವೇ ಕೊಡಬೇಕು. ಇಟಲಿಯಲ್ಲಿ ಸಮಯ ಅಳೆಯುವ ಇಂಥ ಸವಾರಿಗಳಿಗೆ ವೈದ್ಯರ ಪ್ರಮಾಣಪತ್ರ ಕೇಳುತ್ತಾರೆ. ಸಂಘಟಕರ ನಮೂನೆಯಲ್ಲೇ ಬರೆಸಿ, ಆ ನೆಪದಲ್ಲಿ ಹೃದಯದ ಪರೀಕ್ಷೆಯೂ ಆಗಲಿ. ನಲವತ್ತು ದಾಟಿದವರು ಇದನ್ನು ಬರೀ ಕಾಗದದ ಕೆಲಸ ಎಂದು ತಳ್ಳಿಹಾಕಬೇಡಿ. ಷೆಂಗೆನ್ ವೀಸಾಗೆ ಬೇಗ ಅರ್ಜಿ ಹಾಕಿ.

ಸೈಕಲ್ ಪೆಟ್ಟಿಗೆಗೆ ಹಾಕುವಾಗ ಎಡ ಪೆಡಲ್‌ನ ಮರೆ (ತಿರುಪಿನ ಸುತ್ತು) ಉಲ್ಟಾ ಎನ್ನುವುದು ನೆನಪಿರಲಿ. ಹಿಂದಿನ ಡಿರೇಲರ್ ಬಿಚ್ಚಿ, ಬಟ್ಟೆ ಸುತ್ತಿ ಚೌಕಟ್ಟಿನೊಳಗೆ ಕಟ್ಟಿ, ಡಿರೇಲರನ್ನು ಚೌಕಟ್ಟಿಗೆ ಜೋಡಿಸುವ ತುಂಡು, ಅಂದರೆ ಹ್ಯಾಂಗರ್, ಒಂದು ಹೆಚ್ಚುವರಿ ಒಯ್ಯಿರಿ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ಮೇಲೆ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ಇಲ್ಲದಿದ್ದರೆ ದಾರಿಯಲ್ಲಿ ಯಾರಾದರೂ ಲಿವರ್ ಒತ್ತಿದಾಗ ಪ್ಯಾಡ್‌ಗಳು ಕೂಡಿಕೊಂಡುಬಿಡುತ್ತವೆ. ಬಾಡಿಗೆ ಸೈಕಲ್ ತೆಗೆದುಕೊಂಡರೆ ಯಾವ ಲಿವರ್ ಯಾವ ಬ್ರೇಕ್ ಎಂದು ಮೊದಲು ಒತ್ತಿ ನೋಡಿ. ಅಲ್ಲಿನದು ನಿಮ್ಮದಕ್ಕೆ ಅದಲುಬದಲಾಗಿರಬಹುದು, ಇಳುಕಲಿನಲ್ಲಿ ಕಲಿಯುವ ಪಾಠವಲ್ಲ ಅದು.

ಐದಾರು ದಿನ ಮೊದಲೇ ತಲುಪಿದರೆ ಒಳ್ಳೆಯದು. ಹಾದಿಯ ಬಹುಭಾಗ 1,400ರಿಂದ 2,240 ಮೀಟರ್ ನಡುವೆ ಇದೆ. ಬೆಂಗಳೂರಿಗಿಂತ ಗಾಳಿ ತೆಳು, ಅದೇ ಶ್ರಮಕ್ಕೆ ಕೆಲವು ವ್ಯಾಟ್ ಕಡಿಮೆಯೇ ಸಿಗುತ್ತದೆ. ಭಾರತದಿಂದ ಬಂದವರಿಗೆ ಒಂದು ಅನುಕೂಲವೂ ಇದೆ: ಬೇಸಿಗೆಯಲ್ಲಿ ಇಟಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿಯ ಆರೂವರೆ ನಮಗೆ ಬೆಳಗಿನ ಹತ್ತು. ನಸುಕಿನಲ್ಲಿ ಏಳುವುದು ಉಳಿದವರಷ್ಟು ಕಷ್ಟವಾಗದು.

ತಿನ್ನುವುದು

85 ಕೆ.ಜಿ.ಯನ್ನು 4,230 ಮೀಟರ್ ಮೇಲೆತ್ತಲು ಬೇಕಾದ ಕೆಲಸ 3,500 ಕಿಲೋಜೂಲ್. ದೇಹದ ದಕ್ಷತೆ ಸುಮಾರು ನಾಲ್ಕನೇ ಒಂದಂಶ ಆದ್ದರಿಂದ ಇದಕ್ಕೆ ಹೆಚ್ಚುಕಡಿಮೆ ಅಷ್ಟೇ ಕಿಲೋಕ್ಯಾಲರಿ ಸುಡುತ್ತದೆ, ಅದೂ ಏರಿಗೆ ಮಾತ್ರ. ಇದನ್ನೆಲ್ಲ ತಿಂದು ತುಂಬಲಾಗದು. ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಇಳಿಸುತ್ತಾ ಹೋದರೆ ಸಾಕು. ಒಂದು ಬಾಟಲಿಯಲ್ಲಿ ಕರಗಿಸಿದ 40 ಗ್ರಾಂ ಪುಡಿ, ಜೊತೆಗೆ 25 ಗ್ರಾಂನ ಒಂದು ಜೆಲ್ ಅಥವಾ ಒಂದು ಬಾಳೆಹಣ್ಣು, ಇದು ಒಂದು ಗಂಟೆಯ ಲೆಕ್ಕ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್.

ಹೊಟ್ಟೆಗೂ ಅಭ್ಯಾಸ ಬೇಕು. ಗಂಟೆಗೆ 30 ಗ್ರಾಂ ತಿಂದು ರೂಢಿಯಿದ್ದವರು ಅಂದೇ 90ಕ್ಕೆ ಹಾರಿದರೆ ಮೂರನೆಯ ಏರಿನಲ್ಲಿ ವಾಕರಿಕೆ ಖಚಿತ. ಓಆರ್‌ಎಸ್ ಪುಡಿಯನ್ನು ಶಕ್ತಿಯ ಪಾನೀಯ ಎಂದು ನಂಬುವುದು ಇನ್ನೊಂದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಅದು ಉಪ್ಪಿಗೆ ಸರಿ, ಹಸಿವಿಗಲ್ಲ.

ಬೆಳಗಿನ ತಿಂಡಿಗೆ ಅವಲಕ್ಕಿಯನ್ನು ಮೀರಿಸುವುದು ಕಷ್ಟ. ಹೋಟೆಲ್ ಕೋಣೆಯಲ್ಲೇ ಬಿಸಿನೀರಿನಲ್ಲಿ ನೆನೆಯುತ್ತದೆ, ನೂರು ಗ್ರಾಂನಲ್ಲಿ 75 ಗ್ರಾಂಗೂ ಹೆಚ್ಚು ಕಾರ್ಬೋಹೈಡ್ರೇಟ್ ಇದೆ, ನಾರು ಕಡಿಮೆ. ನಾಲ್ಕು ಗಂಟೆ ಸುಮಾರಿಗೆ ತಿನ್ನಿ. ಪೇಡೆ, ಖೋವಾದ ಸಿಹಿ ಒಯ್ಯುವ ಯೋಚನೆ ಬಿಡಿ. ಯೂರೋಪ್ ಒಕ್ಕೂಟ ಹೊರಗಿನವರು ಹಾಲು, ಮಾಂಸದ ಪದಾರ್ಥ ತರುವುದನ್ನು ನಿಷೇಧಿಸಿದೆ.

ಆ ದಿನ: ಮೊದಲ ನಾಲ್ಕು ಏರು

ಲಾ ವಿಲ್ಲಾದಿಂದ ಗುಂಪುಗುಂಪಾಗಿ ಬಿಡುತ್ತಾರೆ. ಮೊದಲ ಕಂಪೊಲಾಂಗೊದಲ್ಲಿ ರಸ್ತೆ ತುಂಬ ಸೈಕಲ್. ಹೆಲಿಕಾಪ್ಟರ್ ಸದ್ದು, ತಂಪು ಗಾಳಿ, ಹೊಸ ಕಾಲು. ದಿನ ಕೆಡುವುದು ಇಲ್ಲೇ.

ಲೆಕ್ಕ ನೋಡಿ. 220 ವ್ಯಾಟ್‌ನ ನಮ್ಮ ಸವಾರ ಕಂಪೊಲಾಂಗೊವನ್ನು 180 ವ್ಯಾಟ್‌ನಲ್ಲಿ ಹತ್ತಿದರೆ 31 ನಿಮಿಷ ಚಿಲ್ಲರೆ. ಗುಂಪಿನ ಹುರುಪಿಗೆ 215 ಕೊಟ್ಟರೆ 27 ನಿಮಿಷ. ಲಾಭ ಐದು ನಿಮಿಷದೊಳಗೆ. ಅದರ ಬೆಲೆಯಾಗಿ ಜಾವ್‌ನಲ್ಲಿ 165 ಇದ್ದದ್ದು 135ಕ್ಕೆ ಇಳಿದರೆ 85 ನಿಮಿಷದ ಏರು 103 ನಿಮಿಷವಾಗುತ್ತದೆ. ಕಾಲು ಸೆಳೆದು ಇಳಿದು ನಡೆದರೆ ಅದಕ್ಕಿಂತಲೂ ಹೆಚ್ಚು.

ಹಾಗಾಗಿ ಮೊದಲ ನಾಲ್ಕರಲ್ಲಿ ಎಫ್‌ಟಿಪಿಯ ಶೇ 80-82 ದಾಟಬೇಡಿ. ಈ ಲೆಕ್ಕದಲ್ಲಿ ಪೊರ್ದೊಯ್‌ಗೆ 55 ನಿಮಿಷ, ಸೆಲ್ಲಾಗೆ 38 ನಿಮಿಷ. ವ್ಯಾಟ್ ಅಳೆಯುವ ಪವರ್ ಮೀಟರ್ ಇಲ್ಲದವರಿಗೆ ಅಳತೆ ಸರಳ: ಪಕ್ಕದವರಿಗೆ ಒಂದು ಪೂರ್ತಿ ವಾಕ್ಯವನ್ನು ನಡುವೆ ಏದುಸಿರು ಬಿಡದೆ ಹೇಳಲಾಗಬೇಕು. ನೂರಾರು ಜನ ನಿಮ್ಮನ್ನು ದಾಟಿ ಹೋಗುತ್ತಾರೆ. ಬಿಟ್ಟುಬಿಡಿ, ಅವರಲ್ಲಿ ಹಲವರು ಮಧ್ಯಾಹ್ನ ಮತ್ತೆ ಸಿಗುತ್ತಾರೆ.

ಇಟಲಿಯಲ್ಲಿ ಸಂಚಾರ ಬಲಗಡೆ. ನಿಧಾನ ಹೋಗುವವರು ಬಲಕ್ಕೆ, ದಾಟುವವರು ಎಡದಿಂದ. ನಮ್ಮ ರೂಢಿಗೆ ಪೂರ್ತಿ ವಿರುದ್ಧ. ಸುಸ್ತಾದಾಗ ಭಾರತದ ಸವಾರ ತಾನಾಗಿ ಎಡಕ್ಕೆ ಸರಿಯುತ್ತಾನೆ, ಹಿಂದಿನಿಂದ ವೇಗವಾಗಿ ಬರುವವರ ದಾರಿಗೇ ಅಡ್ಡ ಬರುತ್ತಾನೆ. ಯಾರಾದರೂ "ಸಿನಿಸ್ತ್ರಾ" ಎಂದು ಕೂಗಿದರೆ ಎಡದಿಂದ ಬರುತ್ತಿದ್ದೇನೆ ಎಂದರ್ಥ, "ದೆಸ್ತ್ರಾ" ಬಲ, "ಒಕ್ಕಿಯೋ" ಎಂದರೆ ಜೋಪಾನ. ಚೈನ್ ಬಿದ್ದರೆ, ನಿಲ್ಲಬೇಕಾದರೆ, ಕೈ ಎತ್ತಿ ಬಲದ ಅಂಚಿಗೆ ಹೋಗಿ.

ಹೇರ್‌ಪಿನ್‌ನ ಒಳಬದಿ ಹತ್ತಿರದ ದಾರಿ, ಆದರೆ ಕಡಿದು. ಹೊರಬದಿ ಹಿಡಿದರೆ ನಾಲ್ಕು ಮೀಟರ್ ಹೆಚ್ಚು, ತುಳಿತ ಮಾತ್ರ ಹಗುರ. ಜಾಗವಿದ್ದಾಗ ಹೊರಗಿನಿಂದ ಹೋಗಿ, ಅಲ್ಲೇ ಹತ್ತು ಸುತ್ತು ಎದ್ದು ನಿಂತು ಸೊಂಟ ಸಡಿಲಿಸಿ. ಏಳುವ ಮುನ್ನ ಒಂದು ಗೇರ್ ಭಾರ ಮಾಡಿಕೊಳ್ಳಿ. ಇಲ್ಲದಿದ್ದರೆ ಎದ್ದ ಕ್ಷಣ ಸೈಕಲ್ ಹಿಂದಕ್ಕೆ ಜಗ್ಗಿದಂತಾಗಿ ಹಿಂದಿನವರು ನಿಮ್ಮ ಚಕ್ರಕ್ಕೆ ತಾಗುತ್ತಾರೆ. ಇಳುಕಲು ಮುಗಿದು ಏರು ಶುರುವಾಗುವಲ್ಲಿ ಮುಂದಿನ ಸಣ್ಣ ಚೈನ್‌ರಿಂಗ್‌ಗೆ ಮುಂಚಿತವಾಗಿಯೇ ಬನ್ನಿ. ಪೆಡಲ್ ಮೇಲೆ ಪೂರ್ತಿ ಭಾರ ಬಿದ್ದಾಗ ಬದಲಿಸಿದರೆ ಚೈನ್ ಕಳಚುವುದು ಹೆಚ್ಚು.

ಇಳುಕಲು

ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಆರೂವರೆ ಡಿಗ್ರಿಯಷ್ಟು ಚಳಿ ಹೆಚ್ಚು. ಬೆವರಿದ ಮೈಗೆ ಗಂಟೆಗೆ 50 ಕಿ.ಮೀ. ಗಾಳಿ ಸೇರಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗದು. ಜೇಬಿನಲ್ಲಿ ಮಡಚುವ ಗಾಳಿ ಜಾಕೆಟ್, ತೆಳು ಪೂರ್ಣ ಕೈಗವಸು ಇರಲಿ. ತುದಿಯಲ್ಲಿ ಅರ್ಧ ನಿಮಿಷ ನಿಂತು ಹಾಕಿಕೊಳ್ಳಿ, ಓಡುವ ಸೈಕಲ್ ಮೇಲೆ ಜಿಪ್ ಎಳೆಯಬೇಡಿ.

ಬ್ರೇಕನ್ನು ಉದ್ದಕ್ಕೂ ಅದುಮಿ ಹಿಡಿಯುವುದು ಹೊಸಬರ ದೊಡ್ಡ ತಪ್ಪು. ಡಿಸ್ಕ್ ಕಾದು ಹಿಡಿತ ಕಡಿಮೆಯಾಗುತ್ತದೆ, ರಿಮ್ ಬ್ರೇಕ್‌ನಲ್ಲಿ ಕಾರ್ಬನ್ ರಿಮ್ ಹಾಳಾಗಬಹುದು. ನೇರ ರಸ್ತೆಯಲ್ಲಿ ವೇಗ ಬಿಡಿ, ತಿರುವಿಗೆ ಮುನ್ನ ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ, ತಿರುವಿನೊಳಗೆ ಸಡಿಲಿಸಿ. ಕೈ ಹ್ಯಾಂಡಲ್‌ನ ಕೆಳಗಿನ ಬಾಗಿನಲ್ಲಿ (ಡ್ರಾಪ್), ಹೊರಗಿನ ಪೆಡಲ್ ಕೆಳಗೆ, ಕಣ್ಣು ತಿರುವಿನ ಕೊನೆಗೆ. 28 ಮಿ.ಮೀ. ಟೈರ್‌ಗೆ 75 ಕೆ.ಜಿ. ಸವಾರರು ಹಿಂದೆ 70, ಮುಂದೆ 65 ಪಿಎಸ್‌ಐ ಹಾಕಿದರೆ ಹಿಡಿತ ಚೆನ್ನಾಗಿರುತ್ತದೆ. ನೂರು ತುಂಬಿಸುವ ಹಳೆಯ ಅಭ್ಯಾಸ ಇಲ್ಲಿ ಜಾರಿಸುತ್ತದೆ. ಹೊಸ ಪ್ಯಾಡ್ ಹಾಕಿಕೊಂಡೇ ಹೊರಡಿ, ಆದರೆ ಹಿಂದಿನ ದಿನಗಳಲ್ಲಿ ಒಂದೆರಡು ಇಳುಕಲಿನಲ್ಲಿ ಪಳಗಿಸಿ.

ರಸ್ತೆ ಮುಚ್ಚಿದೆ ಎಂದರೆ ಎದುರಿನಿಂದ ಏನೂ ಬರುವುದಿಲ್ಲ ಎಂದಲ್ಲ. ಆಂಬುಲೆನ್ಸ್, ಸಂಘಟಕರ ಬೈಕ್ ಬರಬಹುದು. ಕಾಣದ ತಿರುವಿನಲ್ಲಿ ನಿಮ್ಮ ಬದಿ ಬಿಡಬೇಡಿ.

ಚೆರ್ನಾದೊಯ್‌ನಲ್ಲಿ ನಿರ್ಧಾರ, ಆಮೇಲೆ ಜಾವ್

ಎರಡನೆಯ ಕಂಪೊಲಾಂಗೊ ಇಳಿದು ಅರಬ್ಬಾ ದಾಟಿದ ಮೇಲೆ ಚೆರ್ನಾದೊಯ್ ಬಳಿ ಹಾದಿ ಕವಲೊಡೆಯುತ್ತದೆ. ನಡುವಿನ ಹಾದಿ ನೇರ ಫಲ್ಸಾರೆಗೊಗೆ, ಉದ್ದದ್ದು ಜಾವ್ ಕಡೆಗೆ. ಉದ್ದದ ಹಾದಿಗೆ ಸಮಯದ ಮಿತಿಯಿದೆ. ಆ ವರ್ಷದ ಕೈಪಿಡಿಯಲ್ಲಿ ನೋಡಿ, ಹ್ಯಾಂಡಲ್ ಮೇಲೆ ಚೀಟಿ ಅಂಟಿಸಿಕೊಳ್ಳಿ. ಮಿತಿಗೆ ಮುಂಚೆ ಬಂದರೂ ನಿಮ್ಮನ್ನೇ ಕೇಳಿಕೊಳ್ಳಿ: ಕಳೆದ ಒಂದು ಗಂಟೆಯಲ್ಲಿ ತಿಂದಿದ್ದೀರಾ? ತೊಡೆ ಈಗಾಗಲೇ ಸಣ್ಣಗೆ ಮಿಡಿಯುತ್ತಿದೆಯೇ? ಮಳೆ ಮೋಡವಿದೆಯೇ? ಸಂದೇಹವಿದ್ದರೆ ನಡುವಿನ ಹಾದಿ. 3,130 ಮೀಟರ್ ಸಣ್ಣದೇನಲ್ಲ.

ಉದ್ದದ್ದು ಹಿಡಿದವರಿಗೆ ಕೊಲ್ಲೆ ಸಾಂತಾ ಲುಚಿಯಾ ಎಂಬ ಚಿಕ್ಕ ಏರು ಸಿಗುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ಇಲ್ಲಿ ಅನೇಕರು ಅನಗತ್ಯವಾಗಿ ತುಳಿಯುತ್ತಾರೆ. ಸೆಲ್ವಾ ದಿ ಕದೋರೆಯಿಂದ ಜಾವ್ ಶುರು. ಮೊದಲ ಕಿ.ಮೀ.ಯಲ್ಲೇ ಕೊನೆಯ ಗೇರ್‌ಗೆ ಬನ್ನಿ, ಉಳಿಸಿಕೊಳ್ಳುವುದಕ್ಕೆ ಏನೂ ಇಲ್ಲ. ಕುಳಿತೇ ಹತ್ತಿ, ಕೈ ಹ್ಯಾಂಡಲ್ ಮೇಲ್ಭಾಗದಲ್ಲಿ ಸಡಿಲವಾಗಿರಲಿ, ಜಿಪ್ ತೆರೆಯಿರಿ. ದೂರ ನೋಡಬೇಡಿ, ತಿರುವುಗಳನ್ನು ಎಣಿಸಿ. 20 ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ಬಾಯಿಗೆ ಏನಾದರೂ ಹಾಕಿ. ಇಷ್ಟು ನಿಧಾನದಲ್ಲಿ ತಂಪು ಗಾಳಿ ಸಿಗದು, ಮೈ ಕಾಯುತ್ತದೆ. ನೀರಿದ್ದರೆ ಕುತ್ತಿಗೆಯ ಹಿಂದೆ ಸುರಿದುಕೊಳ್ಳಿ. ತೊಡೆ ಸೆಳೆಯತೊಡಗಿದರೆ ಹಟ ಮಾಡದೆ ಬಲಕ್ಕೆ ನಿಂತು, ಎರಡು ನಿಮಿಷ ಸ್ನಾಯು ಎಳೆದು, ಉಪ್ಪಿನ ನೀರು ಕುಡಿದು ಮತ್ತೆ ಹತ್ತಿ. ಎರಡು ನಿಮಿಷ ಕೊಟ್ಟವರು ಮುಗಿಸುತ್ತಾರೆ, ಕೊಡದವರು ಸೈಕಲ್ ತಳ್ಳುತ್ತಾರೆ.

ಜಾವ್ ಆದಮೇಲೆ ಎಲ್ಲ ಮುಗಿಯಿತು ಎಂದುಕೊಳ್ಳುವುದು ಸಹಜ. ಪೊಕೊಲ್‌ನಿಂದ ಫಲ್ಸಾರೆಗೊ-ವಲ್ಪರೋಲಾ 670 ಮೀಟರ್ ಬಾಕಿ ಇದೆ. ಶೇ 5.8 ಆದ್ದರಿಂದ ಒಂದೆರಡು ಗೇರ್ ಭಾರ ಮಾಡಿ 75 ಸುತ್ತಿಗೆ ಬಂದರೆ ಕಾಲಿಗೆ ಹಾಯೆನಿಸುತ್ತದೆ. ಸಮಾನ ವೇಗದವರು ಸಿಕ್ಕರೆ ಅವರ ಹಿಂದೆ ಅಂಟಿಕೊಳ್ಳಿ.

ವಲ್ಪರೋಲಾದಿಂದ ಸಾನ್ ಕಸ್ಸಿಯಾನೊ ಮೂಲಕ ಲಾ ವಿಲ್ಲಾಕ್ಕೆ ಇಳಿದಾಗ ಮ್ಯುರ್ ದ್ಲ್ ಜಾತ್ ಇದೆ. ಅಲ್ಲಿನ ಲದಿನ್ ಭಾಷೆಯಲ್ಲಿ ಬೆಕ್ಕಿನ ಗೋಡೆ. ಕೆಲವು ನೂರು ಮೀಟರ್ ಅಷ್ಟೇ, ಆದರೆ ಶೇ 19ರವರೆಗೆ ಕಡಿದು, ಎರಡೂ ಕಡೆ ಜನ. ಗೋಡೆಗೆ ಮುಂಚಿನ ತಿರುವಿನಲ್ಲೇ ಕೊನೆಯ ಗೇರ್ ಹಾಕಿರಿ. ಕುಳಿತೇ ಹೋಗುವುದಾದರೆ ಸೀಟಿನ ಮುಂತುದಿಗೆ ಸರಿದು ಎದೆ ಬಗ್ಗಿಸಿ, ಮುಂದಿನ ಚಕ್ರ ಎದ್ದುಬರುವುದಿಲ್ಲ. ಮುಂದಿನವರು ಹಠಾತ್ತನೆ ನಿಲ್ಲಬಹುದು, ಅವರಿಂದ ಎರಡು ಸೈಕಲ್ ಅಂತರವಿರಲಿ. ಅದಾದ ಮೇಲೆ ಕೊರ್ವಾರಾಕ್ಕೆ ಕೆಲವೇ ಕಿ.ಮೀ., ಸಣ್ಣ ಏರು. ಗೆರೆ ದಾಟಿದ ತಕ್ಷಣ ಜಾಕೆಟ್ ಹಾಕಿಕೊಂಡು ಅರ್ಧ ಗಂಟೆಯೊಳಗೆ ಊಟ ಮಾಡಿ. ಉಳಿದುಕೊಂಡಿರುವುದು ಬೇರೆ ಕಣಿವೆಯಲ್ಲಾದರೆ, ಸಂಜೆ ರಸ್ತೆ ವಾಹನಗಳಿಗೆ ತೆರೆದಿರುತ್ತದೆ, ಮುಂದಿನ ಹಿಂದಿನ ದೀಪಗಳನ್ನು ಬೆಳಿಗ್ಗೆಯೇ ಜೇಬಿಗೆ ಹಾಕಿಕೊಂಡಿರಿ.